ಎಸ್ಕೇಪ್ ಯಾಕೆ ಒತ್ತಿದೆ?

ಸಿಟ್ಟು ಮಾಡ್ಕೋಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು, ಮಾತ್ರೆ ತಪ್ಪದೆ ನುಂಗ್ತೀನಿ, ಉಪ್ಪಿನಕಾಯಿನೂ ಬಿಟ್ಟಿದ್ದೀನಿ. ಆದರೆ ಕಂಪ್ಯೂಟರ್ ಮುಂದೆ ಕೂತವರನ್ನ ಯಾರಾದ್ರೂ "ಎಸ್ಕೇಪ್ ಯಾಕೆ ಒತ್ತಿದೆ?" ಅಂತ ಗದರಿಸೋದು ಕಿವಿಗೆ ಬಿದ್ರೆ ಮಾತ್ರ ಮೈ ಉರಿದುಹೋಗುತ್ತೆ. ಒತ್ತಿದವರ ತಪ್ಪಂತೆ. ಒತ್ತಲಿ ಅಂತಲೇ ಇಟ್ಟಿರೋ ಬಟನ್ ಅದು! ಒತ್ತಿದ್ರೆ ಕೆಡೋ ಹಾಗೆ ಪ್ರೋಗ್ರಾಂ ಬರೆದವನನ್ನ ಯಾರೂ ಕೇಳಲ್ಲ. ಹಾಗೆ ಬರೆದವರಲ್ಲಿ ನಾನೂ ಒಬ್ಬ. ನಕ್ಷೆ ಕೆಲಸಕ್ಕೋ ಪ್ರೋಗ್ರಾಂ ಬರೆಯೋ ಕೆಲಸಕ್ಕೋ ಈಗ ಇಳೀತಿರೋ ಮಕ್ಕಳು ಓದಲಿ ಅಂತ ಇದನ್ನ ಬರೀತಿದ್ದೀನಿ. ನನಗೆ ಯಾವಾಗ ಬಡ್ತಿ ಸಿಕ್ತು, ಯಾರು ಶಾಲು ಹೊದಿಸಿದ್ರು ಅನ್ನೋದೆಲ್ಲ ಇದರಲ್ಲಿ ಇಲ್ಲ.

ನನ್ನ ಹೆಸರು ಓಬಣ್ಣ, ಊರು ಕೊಂಡ್ಲಹಳ್ಳಿ. ಚಳ್ಳಕೆರೆಯ ಒಂದು ಖಾಸಗಿ ನಕ್ಷೆ ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದೆ. ಮನೆ, ನಿವೇಶನ, ರಸ್ತೆ, ಚರಂಡಿ ಏನೇ ಇರಲಿ, ಅಳೆದು ತಂದ ಅಂಕಿಗಳನ್ನ ಗೆರೆಯಾಗಿ ಇಳಿಸೋದು ನಮ್ಮ ಕಸುಬು. ನಾನು ಸೇರಿದಾಗ ಟ್ರೇಸಿಂಗ್ ಕಾಗದ, ಮಸಿ ಪೆನ್ನು, ತಪ್ಪಾದ ಗೆರೆ ಕೆರೆಯೋಕೆ ಅರ್ಧ ಬ್ಲೇಡು, ಇಷ್ಟೇ ಆಸ್ತಿ. ಒಂದು ಸಲ ಯಜಮಾನರು ಒಳಗಿಂದ ಕೂಗಿದ್ದಕ್ಕೆ ದಡಬಡ ಎದ್ದು, ಮೂರು ದಿನ ಬರೆದಿದ್ದ ನಕ್ಷೆ ಮೇಲೆ ಮಸಿ ಬಾಟ್ಲಿ ಉರುಳಿಸಿದ್ದೆ. ಬೈಸಿಕೊಂಡೆ, ಹೊಸದಾಗಿ ಬರೆದೆ. ಆ ಕಾಲದ ತಪ್ಪಿಗೆ ಒಂದು ಒಳ್ಳೆ ಗುಣ ಇತ್ತು. ಚೆಲ್ಲಿದ ಮಸಿ ಎಲ್ಲರ ಕಣ್ಣಿಗೂ ಕಾಣೋದು.

ನಮ್ಮ ಯಜಮಾನರು ಪಾಲಾಕ್ಷಪ್ಪ. ಸುಳ್ಳು ಯಾಕೆ ಹೇಳಲಿ, ಕೆಟ್ಟ ಮನುಷ್ಯ ಅಲ್ಲ. ತಿಂಗಳ ಮೊದಲ ತಾರೀಕು ಸಂಬಳ ತಪ್ಪಿಸಿದವರಲ್ಲ, ಯುಗಾದಿಗೆ ಎಲ್ಲರನ್ನೂ ಮನೆಗೆ ಕರೆದು ಹೋಳಿಗೆ ಹಾಕಿಸೋರು. ಆದರೆ ಕರೆದ ತಕ್ಷಣ ಎದ್ದು ಬರದಿದ್ರೆ ಅವರಿಗೆ ಅವಮಾನ ಆಗ್ತಿತ್ತು. ಒಳಗಿನ ಕೋಣೆಯಿಂದ ಒಂದು ಗಂಟೆ ಹೊಡೆಯೋರು. ಯಾರು ಬೇಕು ಅಂತ ಕೇಳಿಕೊಂಡು, ಅವರನ್ನ ಎಬ್ಬಿಸಿ ಕಳಿಸೋದು ಹಿರಿಯನಾದ ನನ್ನ ಪಾಲಿನ ಕೆಲಸ. ದಿನಕ್ಕೆ ಹತ್ತು ಸಲ ಅದೇ ಆಗ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಹಳಬರಲ್ಲಿ ಇಬ್ಬರು ಕೆಲಸ ಬಿಟ್ಟರು. ನಾನು ಬಿಡಲಿಲ್ಲ. ನಕ್ಷೆ ಬರೆಯೋ ಆ ತಂತ್ರಾಂಶದ ಒಳಗೇ ಲಿಸ್ಪ್ ಅನ್ನೋ ಒಂದು ಭಾಷೆ ಇರುತ್ತೆ. ಅದರಲ್ಲಿ ನಾಲ್ಕು ಸಾಲು ಬರೆದುಕೊಟ್ರೆ, ನಾವು ಕೈಯಲ್ಲಿ ಮಾಡೋ ಕೆಲಸವನ್ನ ಅದೇ ಮಾಡುತ್ತೆ. ಬರೀ ಕಂಸ, ಕಂಸದೊಳಗೆ ಕಂಸ. ಮೊದಮೊದಲು ನೋಡಿ ತಲೆ ತಿರುಗಿತು, ಆಮೇಲೆ ಹುಚ್ಚೇ ಹಿಡೀತು. ಅಳತೆ ಪುಸ್ತಕದ ಅಂಕಿ ಒಂದೊಂದಾಗಿ ಕೇಳಿ, ಸಾಲು ಮನೆಗಳ ಗೋಡೆಗಳನ್ನ ತಾನೇ ಎಳೆಯೋ ಒಂದು ಪ್ರೋಗ್ರಾಂ ಬರೆದೆ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳೀತು. ಯಜಮಾನರು ಬಂದವರಿಗೆಲ್ಲ ತೋರಿಸಿ, ನಮ್ಮ ಓಬಣ್ಣ ಬರೆದಿದ್ದು ಅನ್ನೋರು. ನನಗೆ ನೆಲ ಕಾಣ್ತಿರಲಿಲ್ಲ.

ಅದರೊಳಗಿನ ಹುಳುಕು ಏನು ಅಂತ ಮೊದಲೇ ಹೇಳಿಬಿಡ್ತೀನಿ, ಒಗಟು ಹಾಕೋ ಚಾಳಿ ನನಗಿಲ್ಲ. ನಕ್ಷೆ ಬರೆಯೋವಾಗ ಸ್ನ್ಯಾಪ್ ಅಂತ ಒಂದು ಸೌಕರ್ಯ ಇರುತ್ತೆ. ಅದು ಹಾಕಿದ್ರೆ, ನೀವು ಮೂಲೆ ಹತ್ರ ಎಲ್ಲಿ ಒತ್ತಿದ್ರೂ ಗೆರೆ ಹೋಗಿ ಸರಿಯಾಗಿ ಮೂಲೆಯನ್ನೇ ಹಿಡಿಯುತ್ತೆ. ಇಲ್ಲದಿದ್ರೆ ಗೆರೆ ಪಕ್ಕಕ್ಕೆ ಬೀಳುತ್ತೆ, ಕಣ್ಣಿಗೆ ಮಾತ್ರ ಮೂಲೆಯಲ್ಲೇ ಇದ್ದ ಹಾಗೆ ಕಾಣುತ್ತೆ. ಆದರೆ ಪ್ರೋಗ್ರಾಂ ತಾನೇ ಗೆರೆ ಎಳೆಯೋವಾಗ ಸ್ನ್ಯಾಪ್ ಇದ್ರೆ ಬೇಡದ ಮೂಲೆಗಳಿಗೆಲ್ಲ ಹೋಗಿ ಅಂಟಿಕೊಳ್ಳುತ್ತೆ. ಅದಕ್ಕೆ ನಾನು ಮೊದಲ ಸಾಲಲ್ಲಿ ಸ್ನ್ಯಾಪ್ ತೆಗೆದು, ಕೊನೆ ಸಾಲಲ್ಲಿ ವಾಪಸ್ ಹಾಕ್ತಿದ್ದೆ. ಸರಿಯಾಗೇ ಐತಲ್ಲ ಅನ್ಸುತ್ತೆ. ಆದರೆ ನಡುವೆ ಯಾರಾದ್ರೂ ಎಸ್ಕೇಪ್ ಒತ್ತಿದ್ರೆ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತೆ, ಕೊನೆ ಸಾಲು ಓಡೋದೇ ಇಲ್ಲ. ಸ್ನ್ಯಾಪ್ ಹೋಗಿದ್ದು ಹೋದ ಹಾಗೇ ಉಳಿಯುತ್ತೆ. ಪರದೆ ಮೇಲೆ ಒಂದು ಎಚ್ಚರಿಕೆನೂ ಬರಲ್ಲ.

ಇದು ನನಗೆ ಮೊದಲೇ ಗೊತ್ತಿತ್ತಾ ಅಂದ್ರೆ, ಅರೆಬರೆ ಗೊತ್ತಿತ್ತು. ಒಂದೆರಡು ಸಲ ಎಸ್ಕೇಪ್ ಒತ್ತಿದ ಮೇಲೆ ಗೆರೆಗಳು ಮೂಲೆಗೆ ಕೂಡ್ತಿಲ್ಲ ಅಂತ ಹುಡುಗರು ಬಂದು ಹೇಳಿದ್ರು. ಇನ್ನೊಂದು ಸಲ ಅಂಕಿ ಬರೆದಿಡೋಕೆ ಅಂತ ಪ್ರೋಗ್ರಾಂ ತೆರೆದ ಕಡತ ಮುಚ್ಚದೆ ಉಳಿದು, ಅರ್ಧ ದಿನದ ಅಂಕಿಗಳು ಮಾಯ ಆಗಿದ್ದವು. ಆಗಲೇ ಕೂತು ಪ್ರೋಗ್ರಾಂ ಸರಿ ಮಾಡಬೇಕಿತ್ತು. ನಾನು ಮಾಡಿದ್ದೇನು ಗೊತ್ತಾ? ಯಜಮಾನರ ಹತ್ರ ಹೋಗಿ, ಇವರು ನಡುನಡುವೆ ಎಸ್ಕೇಪ್ ಒತ್ತಿ ಕೆಡಿಸ್ತಾರೆ ಸರ್ ಅಂತ ದೂರು ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಯಜಮಾನರು ಒಂದು ಸ್ಕ್ರೂಡ್ರೈವರ್ ತರಿಸಿದ್ರು. ಕಚೇರಿಯಲ್ಲಿದ್ದ ಎರಡೂ ಕೀಬೋರ್ಡಿನ ಎಸ್ಕೇಪ್ ಬಟನ್ ಕಿತ್ತು, ತಮ್ಮ ಅಡಿಕೆ ಡಬ್ಬಿಯೊಳಗೆ ಹಾಕಿಕೊಂಡ್ರು. ಇನ್ನು ಹೆಂಗೆ ಒತ್ತೀರಿ ಒತ್ರಿ ನೋಡೋಣ ಅಂದ್ರು. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡಂಗೆ ಆಯ್ತು. ನಗೋದಾದ್ರೆ ನಗ್ರಿ, ಆಗ ನಾನೂ ನಕ್ಕೆ. ಬಟನ್ ಹೋದ ಜಾಗದಲ್ಲಿ ಒಂದು ಸಣ್ಣ ಮೊಳಕೆ ಉಳಿದಿತ್ತು. ಬೇಕಾದವರು ಬೆಂಕಿಕಡ್ಡಿಯಲ್ಲೋ ಹೇರ್‌ಪಿನ್ನಲ್ಲೋ ಅದನ್ನ ಒತ್ತೋದು ಕಲಿತರು. ಒತ್ತೋದು ನಿಲ್ಲಲಿಲ್ಲ, ಒತ್ತಿದ್ದನ್ನ ಹೇಳೋದು ನಿಂತಿತು. ಬಟನ್ ಕಿತ್ತಿದ್ದಕ್ಕಿಂತ ದೊಡ್ಡ ಅನಾಹುತ ಇದು.

ಇನ್ನೊಂದು ಹೇಳ್ತೀನಿ, ಕೇಳಿ ನೀವೇ ತೀರ್ಪು ಕೊಡಿ. ಚಳ್ಳಕೆರೆಯಲ್ಲಿ ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ, ಎರಡು ಕಂಪ್ಯೂಟರಿಗೆ ನಾಲ್ಕು ಜನ ನಾವು. ಹಾಗಾಗಿ ಎದ್ದವರು ಕೆಲಸ ಸೇವ್ ಮಾಡೇ ಏಳಬೇಕು ಅನ್ನೋದು ಯಜಮಾನರ ಕಟ್ಟಪ್ಪಣೆ. ಪ್ರೋಗ್ರಾಂ ನಡುವೆ ಅಂಕಿ ಕೇಳ್ತಾ ನಿಂತಿರುವಾಗ ಸೇವ್ ಆಗಲ್ಲ, ಅದನ್ನ ನಿಲ್ಲಿಸಲೇಬೇಕು, ನಿಲ್ಲಿಸೋಕೆ ಎಸ್ಕೇಪ್ ಒಂದೇ ದಾರಿ. ಅಂದ್ರೆ ಕರೆದ ತಕ್ಷಣ ಬರಬೇಕು, ಸೇವ್ ಮಾಡದೆ ಏಳಬಾರದು, ಎಸ್ಕೇಪ್ ಒತ್ತಬಾರದು. ಈ ಮೂರನ್ನೂ ಒಟ್ಟಿಗೆ ಪಾಲಿಸೋ ಮನುಷ್ಯ ಇನ್ನೂ ಹುಟ್ಟಿಲ್ಲ. ಆದರೂ ಮೂರನ್ನೂ ಗೋಡೆ ಮೇಲೆ ಬರೆದು ಅಂಟಿಸಿದ್ರು. ಬರೆದ ಕೈ ನನ್ನದೇ, ಅಕ್ಷರ ಚೆನ್ನಾಗೈತೆ ಅಂತ.

ನಸ್ರೀನ್ ನಮ್ಮ ಕಚೇರಿಗೆ ಸೇರಿ ಆಗ ಮೂರು ವರ್ಷ ಆಗಿತ್ತು. ಅವಳ ಅಬ್ಬಾ ಪೇಟೆಯಲ್ಲಿ ಮೋಟಾರ್ ರಿಪೇರಿ ಮಾಡ್ತಾರೆ. ಅಂಕಿ ಅಂದ್ರೆ ಅವಳಿಗೆ ಪ್ರಾಣ. ಅಳತೆ ಪುಸ್ತಕದಲ್ಲಿ ಮೂರೋ ಎಂಟೋ ಅನುಮಾನ ಬಂದ್ರೆ, ಅಳೆದವರಿಗೆ ಫೋನ್ ಮಾಡಿ ಕೇಳಿದ ಹೊರತು ಮುಂದಿನ ಗೆರೆ ಎಳೀತಿರಲಿಲ್ಲ. ನಾಲ್ವರಲ್ಲಿ ಅವಳಷ್ಟು ಚೊಕ್ಕ ಕೆಲಸ ನನ್ನದೂ ಇರಲಿಲ್ಲ.

ಮೊಳಕಾಲ್ಮೂರಿನ ನೇಕಾರರ ಒಂದು ಓಣಿಯಲ್ಲಿ ಚರಂಡಿ ತೆಗೀಬೇಕು, ಓಣಿಯ ನಕ್ಷೆ ಬರೆದುಕೊಡಿ ಅಂತ ಕೆಲಸ ಬಂತು. ಬರೆದಿದ್ದು ನಸ್ರೀನ್. ಕಳಿಸಿದ ಸ್ವಲ್ಪ ದಿನಕ್ಕೆ ಚರಂಡಿಯವರಿಂದ ಫೋನು. ಸಾಲಿನ ಕೊನೆ ಮನೆ, ತಿಪ್ಪಮ್ಮ ಅನ್ನೋರದ್ದು, ಅವರ ಮಗ್ಗದ ಕೋಣೆಯ ಗೋಡೆ ನಿಮ್ಮ ನಕ್ಷೆಯಲ್ಲಿ ಎರಡಡಿ ಓಣಿಯೊಳಗೆ ಬಂದೈತೆ, ಸೋಮವಾರ ಒಡೀತೀವಿ, ಆದರೆ ಆಯಮ್ಮ ಜಗಳಕ್ಕೆ ನಿಂತವ್ಳೆ, ನಕ್ಷೆ ಸರಿ ಐತಲ್ಲಾ ಅಂತ ಕೇಳಿದ್ರು. ಯಜಮಾನರು ಸರಿ ಐತೆ ಅಂತ ಗತ್ತಿನಲ್ಲೇ ಹೇಳಿ ಫೋನ್ ಇಟ್ಟರು. ಆಮೇಲೆ ಅಳತೆ ಪುಸ್ತಕ ತೆರೆದು ನೋಡಿದ್ರೆ ಅಂಕಿಗೂ ಗೆರೆಗೂ ತಾಳೆ ಇಲ್ಲ.

ನಸ್ರೀನಳನ್ನ ಒಳಗೆ ಕರೆಸಿದ್ರು, ನಾನೂ ಹೋದೆ. ಅವಳು ಮುಚ್ಚಿಡಲಿಲ್ಲ. ಆ ಸಾಲು ಬರೆಯೋವಾಗ ಒಂದು ಸಲ ಎಸ್ಕೇಪ್ ಒತ್ತಿದ್ದೆ ಸರ್, ವಾಪಸ್ ಬಂದಾಗ ಒಂದೇ ಕೋಣೆ ಉಳಿದಿತ್ತು, ಅದನ್ನ ಕೈಯಲ್ಲೇ ಎಳೆದು ಮುಗಿಸ್ದೆ ಅಂದಳು. ಅದಕ್ಕೆ ಯಜಮಾನರು ಬಾಯಿ ತೆರೆಯೋ ಮೊದಲೇ ಒಬ್ಬರು ಮಾತಾಡಿದ್ರು. "ಎಸ್ಕೇಪ್ ಯಾಕೆ ಒತ್ತಿದೆಯಮ್ಮ?" ಅಂತ. ಹಾಗಂದವನು ನಾನೇ.

ಅವಳು ನನ್ನ ಮುಖ ನೋಡಿದಳು. ಏನೋ ಹೇಳೋಕೆ ಹೊರಟಳು, ಅಷ್ಟರಲ್ಲಿ ಯಜಮಾನರು ಶುರು ಮಾಡಿದ್ರು. ಹತ್ತು ನಿಮಿಷ ಬೈದು, ನಾಳೆಯಿಂದ ಬರಬೇಡ ಅಂದ್ರು. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಅವಳು ತನ್ನ ಟಿಫನ್ ಡಬ್ಬಿ ತಗೊಂಡು, ನಕ್ಷೆಯ ಹಾಳೆಗಳನ್ನ ಜೋಡಿಸಿಟ್ಟು ಹೋದಳು. ಇವತ್ತಿಗೂ ಅದನ್ನ ನೆನೆದ್ರೆ ನನ್ನ ಮೇಲೆ ನನಗೇ ಅಸಹ್ಯ ಬರುತ್ತೆ.

ಮಾರನೇ ದಿನ ಗುರುವಾರ. ಯಜಮಾನರು ನನ್ನನ್ನ ಕರೆದು, ಮೊಳಕಾಲ್ಮೂರಿಗೆ ಹೋಗಿ ಇನ್ನೊಂದು ಸಲ ಅಳೆದು ಬಾ, ಅಳತೆ ಪುಸ್ತಕವೇ ತಪ್ಪಿದ್ದು ಗೋಡೆ ನಿಜವಾಗ್ಲೂ ಮುಂದೆ ಬಂದಿದ್ರೆ ನಾವು ಬಚಾವು ಅಂದ್ರು. ಒಬ್ಬರ ಗೋಡೆ ಬೀಳಲಿ ಅಂತ ದೇವರಿಗೆ ಕೈಮುಗಿಯೋ ಸ್ಥಿತಿಗೆ ಬಂದಿದ್ವಿ ನೋಡಿ. ಟೇಪು ಹಿಡಿದು ಬಸ್ಸು ಹತ್ತಿದೆ.

ತಿಪ್ಪಮ್ಮನ ಮನೆ ಸಿಗೋದು ಕಷ್ಟ ಆಗಲಿಲ್ಲ, ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ರು. ಒಳಗೆ ನೆಲದಲ್ಲಿ ಗುಂಡಿ ತೋಡಿ ಕೂಡಿಸಿದ ಮಗ್ಗ. ಕಾಲು ಗುಂಡಿಯೊಳಗೆ ಇಳಿಬಿಟ್ಟು ಕೂತು ಅರವತ್ತರ ಹತ್ತಿರದ ಹೆಂಗಸು ನೇಯ್ತಿದ್ರು. ಗುಂಡಿಗೂ ಆ ಗೋಡೆಗೂ ನಡುವೆ ಒಂದು ಮೊಳ ಜಾಗ ಇರಬಹುದು, ಅಷ್ಟೇ. ಗೋಡೆ ಒಡೆದ್ರೆ ಮಗ್ಗ ಉಳಿಯಲ್ಲ, ಮಗ್ಗದ ಮೇಲೆ ಆಗಷ್ಟೇ ಹಾಕಿದ ರೇಷ್ಮೆ ಹಾಸು, ಅಂದ್ರೆ ಉದ್ದೆಳೆಗಳು, ಇತ್ತು. ಇದನ್ನ ನಕ್ಷೆಯಲ್ಲಿ ನೋಡಿದ್ರೆ ನಾಲ್ಕು ಗೆರೆ, ನಡುವೆ "ಮಗ್ಗ" ಅಂತ ಎರಡಕ್ಷರ.

ನಾನು ಬಾಗಿಲಲ್ಲಿ ನಿಂತು, ನಕ್ಷೆ ಕಚೇರಿಯಿಂದ ಬಂದಿದ್ದೀನಿ, ಸ್ವಲ್ಪ ಬರ್ರಿ ಅಂತ ಕರೆದೆ. ಅವರು ತಲೆ ಎತ್ತಲಿಲ್ಲ. ಇನ್ನೊಂದು ಸಲ ಕರೆದೆ. ಗಂಟೆ ಹೊಡೆದ ತಕ್ಷಣ ಏಳೋರನ್ನೇ ನೋಡಿ ಅಭ್ಯಾಸ ಆದ ಪ್ರಾಣಿ ನಾನು, ಒಳಗೊಳಗೇ ಸಿಟ್ಟು ಬಂತು.

"ಆಗು ನಾಯನಾ, ಲಾಳಿ ನಡುವೆ ಐತೆ" ಅಂದ್ರು ತಿಪ್ಪಮ್ಮ. ಆ ಕಡೆ ತೆಲುಗು ಬೆರೆತ ಮಾತು, ಆಗು ಅಂದ್ರೆ ತಡಿ ಅಂತ.

ನೂಲು ಹೊತ್ತ ಲಾಳಿ ಆ ಕಡೆ ದಾಟಿತು. ಹಲಗೆ ಎಳೆದು ಎಳೆಯನ್ನ ಬಡಿದು ಕೂಡಿಸಿದ್ರು. ಕಾಲನ್ನ ಮೆಟ್ಟಿನಿಂದ ತೆಗೆದ್ರು. ಲಾಳಿಯನ್ನ ಪಕ್ಕದ ಗೂಡಿನಲ್ಲಿಟ್ಟರು. ಬಿಗಿಯಾಗಿದ್ದ ಹಾಸನ್ನ ಒಂದು ಹಗ್ಗ ಸಡಿಲಿಸಿ ಇಳಿಬಿಟ್ಟು, ನೇಯ್ದಿದ್ದ ಬಟ್ಟೆ ಮೇಲೆ ಹಳೇ ಪಂಚೆ ಹೊದಿಸಿದ್ರು. ಇಷ್ಟಾದ ಮೇಲೆ ಗುಂಡಿಯ ಅಂಚಿಗೆ ಅಂಗೈ ಊರಿ ಎದ್ದರು. ಎಲ್ಲ ಸೇರಿ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ. ಯಾವುದನ್ನೂ ಯೋಚಿಸಿ ಮಾಡಿದ ಹಾಗೆ ಕಾಣಲಿಲ್ಲ, ಕೈಗೇ ಅದು ಗೊತ್ತಿತ್ತು.

ಅಳೆಯೋದು ಬೇಗ ಮುಗೀತು. ಓಣಿಯ ತುದಿಯಲ್ಲಿ ಗುರುತಿಗೆ ನೆಟ್ಟ ಮೂಲೆಗಲ್ಲಿನಿಂದ ಗೋಡೆಗೆ ಅಳತೆ ಪುಸ್ತಕದಲ್ಲಿ ಎಷ್ಟಿತ್ತೋ ನನ್ನ ಟೇಪಿನಲ್ಲೂ ಅಷ್ಟೇ ಬಂತು. ಗೋಡೆ ಅದರ ಜಾಗದಲ್ಲೇ ಇತ್ತು. ನಮ್ಮ ಮಾವ ಕಟ್ಟಿಸಿದ ಗೋಡೆ, ಅವರು ಹೋದ ಮೇಲೆ ಅದೇನು ಎದ್ದು ನಡೀತಾ ಅಂತ ತಿಪ್ಪಮ್ಮ ಕೇಳಿದ್ರು. ಮಾತು ತಪ್ಪಿಸೋಕೆ, ಕರೆದ ಕೂಡಲೇ ಎದ್ದು ಬಂದ್ರೆ ಏನಾಗ್ತಿತ್ತಮ್ಮ ಅಂತ ಕೇಳಿದೆ.

"ಎದ್ದೋರಿಗೇನೂ ಆಗಲ್ಲ ನಾಯನಾ, ಬಟ್ಟೇಗಾಗ್ತೈತೆ. ಅದೂ ಇವತ್ತು ಕಾಣ್ಸಲ್ಲ, ಮಡಿಕೆ ಬಿಚ್ಚಿದಾಗ ಕಾಣ್ತೈತೆ. ನಮ್ಮತ್ತೆ ನನಗೆ ಮೊದ್ಲು ಮಗ್ಗದಿಂದ ಏಳೋದು ಕಲ್ಸಿದ್ರು. ನೇಯೋದು ಆಮೇಲೆ."

ಬಸ್ಸಿನಲ್ಲಿ ಕೂತಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಇಷ್ಟು ವರ್ಷ ಪ್ರೋಗ್ರಾಂ ಬರೆದೆ, ಅದಕ್ಕೆ ನೇಯೋದು ಕಲಿಸಿದ್ದೆ, ಏಳೋದು ಕಲಿಸಿರಲಿಲ್ಲ. ಕಚೇರಿಗೆ ಬಂದವನೇ ಚಪ್ಪಲಿನೂ ಬಿಡದೆ ಕಂಪ್ಯೂಟರ್ ಮುಂದೆ ಕೂತೆ. ನನ್ನ ಪ್ರೋಗ್ರಾಂ ಓಡಿಸಿ, ಬೆಂಕಿಕಡ್ಡಿಯಲ್ಲಿ ಆ ಮೊಳಕೆ ಒತ್ತಿ ನಡುವೆ ನಿಲ್ಲಿಸಿದೆ. ಆಮೇಲೆ ನಸ್ರೀನ್ ಮಾಡಿದ ಹಾಗೇ ಇಡೀ ಓಣಿ ಪರದೆ ಮೇಲೆ ಕಾಣೋ ಹಾಗಿಟ್ಟುಕೊಂಡು, ಮೂಲೆಗಲ್ಲನ್ನೇ ಗುರಿ ಇಟ್ಟು ಒತ್ತಿ, ಅಲ್ಲಿಂದ ಪುಸ್ತಕದ ಅಳತೆಯಂತೆ ಕೋಣೆ ಎಳೆದೆ. ಗೆರೆಯ ತುದಿ ಕಲ್ಲಿನ ಮೇಲೇ ಕೂತಂತೆ ಕಾಣ್ತು. ಹತ್ತಿರಕ್ಕೆ ಹಿಗ್ಗಿಸಿ ನೋಡಿದ್ರೆ ಕಲ್ಲು ಒಂದು ಕಡೆ, ಗೆರೆ ಒಂದು ಕಡೆ. ಅಳೆದೆ, ಹೆಚ್ಚು ಕಮ್ಮಿ ಎರಡಡಿ ಬಂತು.

ಯಜಮಾನರಿಗೆ ಹೋಗಿ ಹೇಳಿದೆ. ಗೋಡೆ ಸರಿ ಇದೆ, ಹುಡುಗಿ ತಪ್ಪಲ್ಲ, ನನ್ನ ಪ್ರೋಗ್ರಾಮಿನ ತಪ್ಪು ಅಂದೆ. ಅವರು ಅಡಿಕೆ ಡಬ್ಬಿ ಮುಚ್ಚಿ ನನ್ನನ್ನೇ ನೋಡಿದ್ರು.

"ಓಬಣ್ಣ, ಹುಡುಗಿ ತಪ್ಪು ಅಂದ್ರೆ ಒಂದು ನಕ್ಷೆ ಹೋಗ್ತೈತೆ. ಪ್ರೋಗ್ರಾಂ ತಪ್ಪು ಅಂದ್ರೆ ಇದುವರ್ಗೂ ಕೊಟ್ಟ ನಕ್ಷೆ ಎಲ್ಲಾ ಹೋಗ್ತಾವೆ. ಸುಮ್ನಿರು."

ಮಕ್ಕಳೇ, ಈ ಮಾತನ್ನ ನೆನಪಿಟ್ಟುಕೊಳ್ಳಿ. ನಿಮಗೂ ಯಾರಾದ್ರೂ ಒಂದು ದಿನ ಹೇಳ್ತಾರೆ, ಇಷ್ಟೇ ಮೆತ್ತಗೆ ಹೇಳ್ತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋರು ಯಾರೂ ಕೂಗಾಡಲ್ಲ. ಸೋಮವಾರ ಗೋಡೆ ಒಡೆಯೋದು ಖಾತ್ರಿ ಇತ್ತು. ಶುಕ್ರವಾರ ಇಡೀ ದಿನ ಆ ನಕ್ಷೆ ತೆಗೆಯೋದು, ಮುಚ್ಚೋದು ಮಾಡ್ತಿದ್ದೆ. ಕೆಲಸ ಹೋದ್ರೆ ಏನು ಗತಿ ಅನ್ನೋ ಭಯನೂ ಇತ್ತು, ಸುಳ್ಳು ಹೇಳಲ್ಲ. ಸಂಜೆ ನಕ್ಷೆ ತಿದ್ದಿ, ಕೆಳಗೆ "ಹಿಂದಿನ ನಕ್ಷೆಯ ತಪ್ಪಿಗೆ ನಾನು ಬರೆದ ಪ್ರೋಗ್ರಾಂ ಕಾರಣ, ನಕ್ಷೆ ಎಳೆದವರಲ್ಲ" ಅಂತ ಬರೆದು ನನ್ನ ಸಹಿ ಹಾಕಿದೆ. ಶನಿವಾರ ರಜೆ ಚೀಟಿ ಇಟ್ಟು, ನಾನೇ ಕೈಯಾರೆ ಚರಂಡಿಯವರಿಗೆ ಕೊಟ್ಟುಬಂದೆ.

ಅಲ್ಲಿದ್ದ ಎಂಜಿನಿಯರು ನಕ್ಷೆ ನೋಡಿ, ಸರಿ ಬಿಡ್ರಿ, ಗುರುತು ಅಳಿಸಿಸ್ತೀವಿ ಅಂದ್ರು. ಕೆಳಗೆ ನಾನು ಬರೆದದ್ದನ್ನ ಓದಲೂ ಇಲ್ಲ. ಎರಡೇ ನಿಮಿಷದ ಕೆಲಸ. ಇಷ್ಟಕ್ಕೆ ಒಂದು ಹೆಣ್ಣುಮಗಳ ಕೆಲಸ ತೆಗೆದಿದ್ವಿ, ಇನ್ನೊಬ್ಬರ ಗೋಡೆ ಬೀಳಿಸೋಕೆ ಹೊರಟಿದ್ವಿ. ಗೋಡೆ ಉಳೀತು. ಯಜಮಾನರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ, ಕೆಲಸದಿಂದ ಮಾತ್ರ ತೆಗೀಲಿಲ್ಲ. ಪ್ರೋಗ್ರಾಂ ಗೊತ್ತಿದ್ದವನು ನಾನೊಬ್ಬನೇ ಇದ್ದೆ.

ಆಮೇಲೆ ಪ್ರೋಗ್ರಾಂ ಸರಿ ಮಾಡೋಕೆ ಕೂತೆ. ಅದೂ ಒಂದೇ ಸಲಕ್ಕೆ ಆಗಲಿಲ್ಲ. ಲಿಸ್ಪ್‌ನಲ್ಲಿ ಕೆಲಸ ನಡುವೆ ಮುರಿದುಬಿದ್ರೆ ತಾನಾಗೇ ಓಡೋ ಒಂದು ಭಾಗ ಬರೆಯೋಕೆ ಬರುತ್ತೆ. ಎಸ್ಕೇಪ್ ಒತ್ತಿದ್ರೂ ಅದೇ ಓಡುತ್ತೆ. ಸ್ನ್ಯಾಪ್ ವಾಪಸ್ ಹಾಕೋದು, ತೆರೆದ ಕಡತ ಮುಚ್ಚೋದು, ಅರ್ಧ ಎಳೆದ ಗೆರೆಗಳನ್ನ ಅಳಿಸೋದು ಎಲ್ಲ ಅಲ್ಲಿ ಇಟ್ಟೆ. ಮೊದಲ ಸಲ ಅದನ್ನ ನನ್ನ ಪ್ರೋಗ್ರಾಮಿಗೆ ಮಾತ್ರ ಕಟ್ಟದೆ ಇಡೀ ತಂತ್ರಾಂಶಕ್ಕೇ ಕಟ್ಟಿಬಿಟ್ಟೆ. ಬೇರೆಯವರ ಪ್ರೋಗ್ರಾಂ ಕೆಟ್ಟರೂ ನನ್ನದು ಬಂದು ಅವರ ಗೆರೆ ಅಳಿಸಿಹಾಕ್ತಿತ್ತು. ಪಕ್ಕದ ಮನೆ ಪಾತ್ರೆ ತೊಳೆಯೋಕೆ ಹೋಗಿ ಒಡೆದ ಹಾಗೆ. ಎರಡನೇ ಸಲ ಸ್ನ್ಯಾಪ್ ವಾಪಸ್ ಹಾಕಿದೆ, ಆದರೆ ನನಗೆ ಇಷ್ಟವಾದ ಹಾಗೆ ಹಾಕಿದೆ, ಅವರು ಮೊದಲು ಹೇಗೆ ಇಟ್ಟುಕೊಂಡಿದ್ರೋ ಹಾಗಲ್ಲ. ತೆಗೆಯೋ ಮೊದಲು ಹೇಗಿತ್ತು ಅಂತ ಬರೆದಿಟ್ಟುಕೊಂಡ್ರೆ ತಾನೇ ಹಾಗೇ ವಾಪಸ್ ಇಡೋಕಾಗೋದು? ಮೂರನೇ ಸಲ ಕಡತ ತೆರೆಯೋ ಮೊದಲೇ ಒಬ್ಬರು ಎಸ್ಕೇಪ್ ಒತ್ತಿದ್ರು. ಇಲ್ಲದ ಕಡತ ಮುಚ್ಚೋಕೆ ಹೋಗಿ ಆ ಭಾಗವೇ ಮುಗ್ಗರಿಸಿ ಬಿತ್ತು, ಅದರ ಕೆಳಗಿದ್ದ ಸ್ನ್ಯಾಪ್ ಸಾಲು ಮತ್ತೆ ಓಡಲಿಲ್ಲ. ತೆರೆದಿದೆಯಾ ಅಂತ ನೋಡಿಕೊಂಡೇ ಮುಚ್ಚಬೇಕು.

ಇನ್ನೊಂದು ಮಾತು. ಒತ್ತಿದ ತಕ್ಷಣ ನಿಲ್ಲಲೇಬೇಕು ಅಂತಿಲ್ಲ. ಒಂದು ಗೋಡೆಯ ನಾಲ್ಕು ಗೆರೆಯಲ್ಲಿ ಎರಡು ಎಳೆದಾಗ ನಿಲ್ಲೋಕಿಂತ, ಆಗೋದಾದ್ರೆ ಆ ಗೋಡೆ ಮುಗಿಸಿ ನಿಂತ್ರೆ ಒಳ್ಳೇದು, ಆಗದಿದ್ರೆ ಆ ಎರಡನ್ನೂ ಅಳಿಸಿ ನಿಲ್ಲಬೇಕು. ಹಾಗಂತ ಒತ್ತಿದವರನ್ನ ಕಾಯಿಸಿ ಕಾಯಿಸಿ ಸಾಯಿಸಬಾರದು. ಕೆಲವರು ಎಸ್ಕೇಪ್ ಕೆಲಸವನ್ನೇ ಮಾಡದ ಹಾಗೆ ಬರೀತಾರೆ. ಅದು ಸ್ಕ್ರೂಡ್ರೈವರ್ ಇಲ್ಲದೆ ಬಟನ್ ಕೀಳೋ ಕೆಲಸ, ಪಾಲಾಕ್ಷಪ್ಪನವರ ವಂಶದವರು ಅವರು. ಈಗಿನ ಮೊಬೈಲಿನಲ್ಲೂ ನೋಡ್ತೀನಿ, ಅರ್ಜಿ ತುಂಬ್ತಿರುವಾಗ "ಹಿಂದಕ್ಕೆ ಹೋಗಬೇಡಿ, ಮುಚ್ಚಬೇಡಿ" ಅಂತ ಕೆಂಪಕ್ಷರದಲ್ಲಿ ಬೆದರಿಸ್ತಾರೆ. ಮುಚ್ಚಿದ್ರೆ ಕೆಡದ ಹಾಗೆ ಬರೆಯೋದು ಬಿಟ್ಟು ಮುಚ್ಚಬೇಡಿ ಅನ್ನೋಕೆ ನಾಚಿಕೆ ಆಗಲ್ವಾ ಇವರಿಗೆ?

ಹಳೇ ನಕ್ಷೆಗಳನ್ನ ಮತ್ತೆ ನೋಡೋಣ ಅಂದಿದ್ದಕ್ಕೆ ಯಜಮಾನರು ಬೇಡ ಅಂದ್ರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನೊಬ್ಬನೇ ಒಂದೊಂದಾಗಿ ತೆಗೆದು ನೋಡಿದೆ. ಇನ್ನೆರಡು ಸಿಕ್ಕವು, ತಿದ್ದಿ ಸಂಬಂಧಪಟ್ಟವರಿಗೆ ಮುಟ್ಟಿಸಿದೆ. ಅವೆರಡನ್ನೂ ಬರೆದಿದ್ದು ನಸ್ರೀನ್ ಅಲ್ಲ. ಒಂದನ್ನ ಬರೆದಿದ್ದು ನಾನೇ.

ನಸ್ರೀನಳನ್ನ ವಾಪಸ್ ಕರೆಸ್ರಿ ಅಂತ ಎಷ್ಟೋ ಸಲ ಕೇಳಿದೆ. ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಬರಲಿ ಅಂದ್ರು ಯಜಮಾನರು. ನನ್ನ ಬುದ್ಧಿಗೆ ಏನು ಬಡಿದಿತ್ತೋ, ಆ ಮಾತನ್ನೂ ಹೊತ್ತುಕೊಂಡು ಅವಳ ಅಬ್ಬಾ ಹತ್ರ ಹೋದೆ. ಅವರು ಮೋಟಾರಿಗೆ ತಂತಿ ಸುತ್ತುತ್ತಾ ಕೂತಿದ್ರು. ಕೇಳಿಕೊಂಡು, ಕೂತ್ಕೊಳ್ರಿ, ಚಾಯ್ ಕುಡೀರಿ ಅಂದ್ರು. ಆ ವಿಷಯ ಎತ್ತಲೇ ಇಲ್ಲ. ಮುಖಕ್ಕೆ ಬೈದಿದ್ರೆ ಎಷ್ಟೋ ಮೇಲಿತ್ತು.

ನಿವೃತ್ತನಾದ ಮೇಲೆ ಒಂದು ದಿನ ಅವಳನ್ನೇ ಹುಡುಕಿಕೊಂಡು ಹೋದೆ. ಅಬ್ಬಾ ಅಂಗಡಿ ಪಕ್ಕದಲ್ಲೇ ಒಂದು ಕೋಣೆಯಲ್ಲಿ ಈಗ ಸ್ವಂತ ನಕ್ಷೆ ಕೆಲಸ ಮಾಡ್ತಾಳೆ. ನನ್ನನ್ನ ನೋಡಿ ಕುರ್ಚಿ ಹಾಕಿದಳು. ಸರಿ ಮಾಡಿದ ಪ್ರೋಗ್ರಾಂ ಪೆನ್‌ಡ್ರೈವಿನಲ್ಲಿ ತಂದಿದ್ದೆ, ಕೊಟ್ಟೆ. ಮೊಳಕಾಲ್ಮೂರಿನಲ್ಲಿ ಕಂಡದ್ದು, ನಕ್ಷೆಗೆ ಸಹಿ ಹಾಕಿದ್ದು ಎಲ್ಲ ಹೇಳಿದೆ. ನನ್ನ ತಪ್ಪು ನಿನ್ನ ತಲೆ ಮೇಲೆ ಬಂತಮ್ಮ, ಅವತ್ತು ನಾನು ಹಾಗೆ ಕೇಳಬಾರದಿತ್ತು, ಕ್ಷಮಿಸು ಅಂದೆ. ಇಷ್ಟನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತು ನನಗೆ.

ಅವಳು ಪ್ರೋಗ್ರಾಂ ಓಡಿಸಿದಳು. ಎರಡು ಅಂಕಿ ಕೊಟ್ಟು, ಮೂರನೆಯದು ಕೇಳಿದಾಗ ಎಸ್ಕೇಪ್ ಒತ್ತಿದಳು. ಅರ್ಧ ಗೆರೆಗಳು ಅಳಿಸಿಹೋದವು, ಸ್ನ್ಯಾಪ್ ಮೊದಲಿದ್ದ ಹಾಗೇ ಬಂತು. ಸರಿ ಐತೆ ಅಂದಳು. ಆಮೇಲೆ ಪರದೆ ಕಡೆಗೇ ನೋಡ್ತಾ ಮಾತಾಡಿದಳು.

"ಅವತ್ತು ಎಸ್ಕೇಪ್ ಯಾಕೆ ಒತ್ತಿದೆ ಅಂತ ಕೇಳಿದ್ರಿ ಅಣ್ಣಾ. ಉತ್ತರ ಯಾರೂ ಕೇಳ್ಲಿಲ್ಲ."

ಈಗ ಹೇಳು ಅಂದೆ.

"ಗಂಟೆ ಹೊಡೀತು. ನೀವು ಬಂದು ನನ್ನ ಕುರ್ಚಿ ಹಿಂದೆ ನಿಂತ್ಕೊಂಡ್ರಿ. ಇನ್ನು ಒಂದೇ ಕೋಣೆ ಐತೆ, ಮುಗಿಸಿ ಬರ್ತೀನಿ ಅಂದೆ. ಅದೆಲ್ಲ ಆಮೇಲೆ, ಸೇವ್ ಮಾಡಿ ಮೊದ್ಲು ಎದ್ದೇಳು ಅಂದ್ರಿ. ನನ್ನ ಹತ್ರ ಪಿನ್ ಇರ್ಲಿಲ್ಲ. ನಿಮ್ಮ ಜೇಬಿಂದ ಬೆಂಕಿಕಡ್ಡಿ ತೆಗೆದು ಕೊಟ್ರಿ."

ನನಗೆ ಅದು ನೆನಪಿಲ್ಲ. ಎಷ್ಟು ಕೆದಕಿದ್ರೂ ನೆನಪಾಗ್ತಿಲ್ಲ. ದಿನಕ್ಕೆ ಹತ್ತು ಸಲ ಮಾಡ್ತಿದ್ದ ಕೆಲಸ, ಅದರಲ್ಲಿ ಅದೂ ಒಂದು ಸಲ. ಆದರೆ ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಳ್ತಿದ್ದವನು ಆ ಕಚೇರಿಯಲ್ಲಿ ನಾನೊಬ್ಬನೇ.

ಅವಳು ನನಗೆ ಚಾಯ್ ಹೇಳಿ, ತನ್ನ ಕೆಲಸಕ್ಕೆ ತಿರುಗಿದಳು. ಅವಳ ಕೀಬೋರ್ಡಿನಲ್ಲಿ ಎಲ್ಲ ಬಟನ್ನೂ ಇದ್ದವು. ಎಸ್ಕೇಪ್ ಬಟನ್ನಿನ ಮೇಲಿನ ಅಕ್ಷರ ಒತ್ತಿ ಒತ್ತಿ ಸವೆದುಹೋಗಿತ್ತು.